ಕೊರಳಲ್ಲಿ ಕೂತ ಸವತಿ

ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅಂತ ಹಿರಿಯರು ಹೇಳುತ್ತಾರೆ. ಹೇಳುವುದಕ್ಕೇನು, ಹಿರಿಯರ ಕೊರಳಿಗೆ ಯಾರೂ ಸವತಿಯನ್ನು ಕಟ್ಟಿರುವುದಿಲ್ಲ. ಕೊಪ್ಪಳದ ವಿರೂಪಾಕ್ಷಮ್ಮನ ಕೊರಳಿಗೆ ಕಟ್ಟಿದ್ದರು.

ಆಕೆಯ ಗಂಡ ಉಮಾಪತಿ ಪೇಟೆಯಲ್ಲಿ ಶೇಂಗಾ, ಹತ್ತಿಯ ಅಡತಿ ಅಂಗಡಿ ಇಟ್ಟ ಸಾವಕಾರ. ಮೊದಲ ಹೆಂಡತಿ ಯಲಬುರ್ಗಾದ ಪಾರ್ವತೆಮ್ಮ ಚಳಿಜ್ವರ ಬಂದು ತೀರಿಕೊಂಡ ಮೇಲೆ ಕುಷ್ಟಗಿಯಿಂದ ವಿರೂಪಾಕ್ಷಮ್ಮನನ್ನು ಮಾಡಿಕೊಂಡಿದ್ದ. ಅವರ ಮಂದಿಯಲ್ಲಿ ಒಂದು ಪದ್ಧತಿ ಇತ್ತು. ಎರಡನೆಯವಳಾಗಿ ಬಂದವಳು ತಾಳಿಯ ಜೊತೆಗೇ ಸತ್ತ ಮೊದಲನೆಯವಳ ಹೆಸರಿನಲ್ಲಿ ಒಂದು ಬಂಗಾರದ ಬಿಲ್ಲೆ ಹಾಕಿಕೊಳ್ಳಬೇಕು. ಬಿಲ್ಲೆಯ ಮೇಲೆ ಒಂದು ಹೆಣ್ಣು ಮುಖ ಇರಬೇಕು. ಸತ್ತವಳು ಸಿಟ್ಟಾಗಬಾರದು, ಮನೆಯವಳಾಗಿಯೇ ಇದ್ದು ಮನೆ ಕಾಯಬೇಕು ಅಂತ. ಜನ ಅದನ್ನು ಸವತಿ ಬಿಲ್ಲೆ ಅನ್ನುತ್ತಿದ್ದರು. ಹೊಸ ಸೀರೆ ತಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಹೋಳಿಗೆ ಮಾಡಿದರೆ ಮೊದಲನೆಯದು ಬಿಲ್ಲೆಗೆ ತೋರಿಸಿ ಎತ್ತಿಡಬೇಕು. ಹೀಗೆ ಹನ್ನೆರಡು ವರ್ಷ ವಿರೂಪಾಕ್ಷಮ್ಮ ಸತ್ತವಳ ಎಂಜಲು ಉಟ್ಟು, ಎಂಜಲು ಉಂಡು ಎರಡು ಮಕ್ಕಳನ್ನು ಹೆತ್ತಿದ್ದಳು.

ಬದುಕಿದ್ದ ಸವತಿಯಾದರೆ ಒಂದು ದಾರಿ ಇರುತ್ತದೆ. ಎರಡು ಮಾತು ಅಂದು ನಾಲ್ಕು ಅನ್ನಿಸಿಕೊಂಡು, ಜಡೆ ಹಿಡಿದು ಜಗಳಾಡಿ, ಸಂಜೆಗೆ ಒಂದೇ ಒಲೆಯ ಮುಂದೆ ಕೂತು ಗಂಡನನ್ನು ಬೈಯಬಹುದು. ಈ ಪಾರ್ವತೆಮ್ಮನೋ ಬಾಯಿಲ್ಲದವಳು, ತಪ್ಪೇ ಮಾಡದವಳು. ಅವಳ ಸಾರಿಗೆ ಎಂದೂ ಉಪ್ಪು ಹೆಚ್ಚಾಗಿರಲಿಲ್ಲ, ಅವಳು ಬಡಿದ ರೊಟ್ಟಿ ಎಂದೂ ಹರಿದಿರಲಿಲ್ಲ. ಸತ್ತ ಎಮ್ಮೆಗೆ ಹಾಲು ಹೆಚ್ಚು ಅನ್ನುತ್ತಾರಲ್ಲ, ಆ ಹಾಲನ್ನು ದಿನಾ ಅಳೆದು ಅಳೆದು ತೋರಿಸಲು ಉಮಾಪತಿ ಇದ್ದ. ಹೆಂಡತಿ ಬಡಿಸುತ್ತಿದ್ದರೆ ಅವನ ಕಣ್ಣು ಅವಳ ಕೊರಳ ಮೇಲೆ ಇರುತ್ತಿತ್ತು. ಕೊರಳಿಂದ ಒಂದು ಗೇಣು ಮೇಲೆ ಮುಖ ಅಂತ ಒಂದಿದೆ ಅನ್ನುವುದು ಆ ಪುಣ್ಯಾತ್ಮನಿಗೆ ಗೊತ್ತಿತ್ತೋ ಇಲ್ಲವೋ!

ಎರಡನೇ ಮಹಾಯುದ್ಧ ನಡೆದಿದ್ದ ಕಾಲ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಾಗ ಬಿಲ್ಲೆಯ ಕೊಂಡಿ ಸವೆದು, ಕಳಚಿ, ಹಿಟ್ಟಿನ ಪರಾತದೊಳಗೆ ಟಣ್ಣನೆ ಬಿತ್ತು. ಬೆಚ್ಚಿ ತಿರುಗಿದವಳ ಕೈ ಹಂಚಿಗೆ ತಾಗಿತು. "ಯವ್ವಾ!" ಅಂತ ಚೀರಿದಳು. ಪಡಸಾಲೆಯಿಂದ ಉಮಾಪತಿ ಓಡಿಬಂದ, ನೇರವಾಗಿ ಪರಾತಕ್ಕೇ ಕೈ ಹಾಕಿದ. ಹಿಟ್ಟು ಕೆದರಿ ಬಿಲ್ಲೆ ಹುಡುಕಿ, ತೊಳೆದು, ಧೋತರದ ಚುಂಗಿನಲ್ಲಿ ಒರೆಸಿ ಬೆಳಕಿಗೆ ಹಿಡಿದ.

"ಪಾರ್ವತಿಗೆ ಏನರ ಆತೇನು?"

"ಆಕಿಗೇನಾಗ್ತೈತ್ರಿ? ನನ್ನ ಕೈ ಸುಟ್ಟೈತಿ" ಅಂದಳು ವಿರೂಪಾಕ್ಷಮ್ಮ.

"ಮಾರಿನೂ ಸವದು ಹೋಗೈತಲ್ಲ! ಕಣ್ಣಿಲ್ಲ, ಮೂಗಿಲ್ಲ. ಛೇ ಛೇ. ಇವತ್ತ ಮೌನಪ್ಪನ ಅಂಗಡಿಗೆ ಹೋಗೂಣು ನಡಿ."

ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಅದನ್ನು ಕಿತ್ತು ಎಮ್ಮೆಗೆ ಹಾಕಿ, ಕೈಗೆ ತಾನೇ ಎಣ್ಣೆ ಹಚ್ಚಿಕೊಂಡು ವಿರೂಪಾಕ್ಷಮ್ಮ ಗಂಡನ ಹಿಂದೆ ಹೊರಟಳು.

ಮೌನಪ್ಪ ಪತ್ತಾರನ ಅಂಗಡಿ ಅಂದರೆ ಪೇಟೆಯ ಮೂಲೆಯಲ್ಲಿ ಒಂದು ಕಟ್ಟೆ, ಒಂದು ಅಗ್ಗಿಷ್ಟಿಕೆ, ಗೋಡೆಗೆ ಹೊಗೆ ಹಿಡಿದ ಕಾಳಮ್ಮನ ಪಟ. ಕೆಲಸಗಾರ ಅಂದರೆ ಕೆಲಸಗಾರ. ಹುಲಿಗೆಮ್ಮನಿಗೆ ಹರಕೆ ಹೊತ್ತವರು ಒಪ್ಪಿಸುವ ಬೆಳ್ಳಿಯ ಮುಖಗಳನ್ನು ಅವನೇ ಮಾಡುತ್ತಿದ್ದ, ಮುಖ ಮಾತಾಡಿದಂತಿರುತ್ತಿತ್ತು. ಆದರೆ ರಿಪೇರಿಗೆ ಕೊಟ್ಟವರ ಗೋಳು ಕೇಳಬಾರದು. ದೆವ್ವ ಬರಬಾರದು ಅಂತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಾರಲ್ಲ, ಮೌನಪ್ಪ ಅದನ್ನು ಗಿರಾಕಿಗಳಿಗೂ ಹೇಳುತ್ತಿದ್ದ. ಇನ್ನೊಂದು ಮಾತು. ಅಕ್ಕಸಾಲಿ ಅಕ್ಕನ ಬಂಗಾರವನ್ನೂ ಬಿಡುವುದಿಲ್ಲ ಅನ್ನುವ ಗಾದೆ ಊರಿಗೆಲ್ಲ ಬಾಯಿಪಾಠ. ಹಾಗಾಗಿ ಬಂಗಾರ ಬೆಂಕಿಗಿಳಿದರೆ ಅದು ಮತ್ತೆ ಕೈಸೇರುವ ತನಕ ಒಡತಿ ಎದುರಿಗೇ ಕೂಡಬೇಕು, ರೆಪ್ಪೆ ಹೊಡೆಯಬಾರದು. ಮೌನಪ್ಪನಿಗೆ ಇದರಿಂದ ಬೇಸರವೇನಿಲ್ಲ. "ಕೂಡ್ರಿ ಕೂಡ್ರಿ. ನನ್ನ ಕೈ ನಿಮಗ ಕಾಣಬೇಕು, ನಿಮ್ಮ ಕಣ್ಣು ನನಗ ಕಾಣಬೇಕು" ಅನ್ನುತ್ತಿದ್ದ.

ಆಗಲೇ ಇಬ್ಬರು ಹೆಂಗಸರು ಕಟ್ಟೆಯ ಮೇಲೆ ಕೂತಿದ್ದರು. ಒಬ್ಬಳು ಗಂಗಾವತಿಯಿಂದ ಬಂದ ಫಾತಿಮಾಬೀ, ಇನ್ನೊಬ್ಬಳು ಪಕ್ಕದ ಓಣಿಯ ಹುಲಗಮ್ಮ. ಉಮಾಪತಿ ಅವರ ಕಡೆ ನೋಡದೆ ಬಿಲ್ಲೆಯನ್ನು ಮೌನಪ್ಪನ ಅಂಗೈಯಲ್ಲಿಟ್ಟ. "ಕೊಂಡಿ ಬೆಸೀಬೇಕು. ಅಷ್ಟ ಅಲ್ಲ, ಮಾರಿ ಹೊಸದಾಗಿ ತಿದ್ದಬೇಕು. ನಿಮ್ಮ ಅಪ್ಪ ಮಾಡಿದ್ದಾಗ ಎರಡು ಚುಕ್ಕಿ, ಒಂದು ಗೀಟು ಹಾಕಿ ಬಿಟ್ಟಿದ್ದ. ಈಗ ಹಂಗಾಗಬಾರದು. ಪಾರ್ವತಿ ಮಾರಿ ಪಾರ್ವತಿದ ಆಗಬೇಕು. ನೀ ಕಂಡಿದ್ದಿಯಲ್ಲ ಆಕಿನ್ನ?"

"ಕಾಣದ ಏನ್ರಿ ಸಾವಕಾರ್ರ! ಈ ಕಟ್ಟಿ ಮ್ಯಾಲ ಎಷ್ಟು ಸಲ ಕುಂತಾರ" ಅಂದ ಮೌನಪ್ಪ, ಎದೆ ಉಬ್ಬಿಸಿ.

ಉಮಾಪತಿ ಹೆಂಡತಿಗೆ ಬಂಗಾರದ ಮೇಲೆ ನಿಗಾ ಇಡಲು ಹೇಳಿ ತನ್ನ ಅಂಗಡಿಗೆ ಹೋದ. ಅವನು ಮರೆಯಾದದ್ದೇ ಹೆಂಗಸರ ಬಾಯಿ ಬಿಚ್ಚಿತು.

"ನಾ ರಂಜಾನದಾಗ ತಂದ ಮೂಗುಬಟ್ಟು ನೋಡವ್ವಾ, ಬಕ್ರೀದ ಬಂತು" ಅಂದಳು ಫಾತಿಮಾಬೀ. "ಒಂದು ಹರಳು ಕೂಡಿಸೂದು, ಅಷ್ಟ ಕೆಲಸ. ಗಂಗಾವತಿಯಿಂದ ಬಂದು ಬಂದು ನನ್ನ ಮೂಗ ಸವದು ಹೋತು. ಯಾ ಅಲ್ಲಾ, ಇನ್ನ ಬಟ್ಟು ಕೊಟ್ರೂ ಎಲ್ಲಿ ಇಡ್ಲಿ?"

"ನನ್ನದೇನು ಕೇಳ್ತಿ" ಅಂದಳು ಹುಲಗಮ್ಮ. "ಇವ ಬೆಸದ ಬೆಳ್ಳಿ ಡಾಬು ಮುರಿಯೂದಿಲ್ಲ, ಅದು ಖರೇ. ಆದ್ರ ಇವ ಬೆಸದು ಕೊಡೂದ್ರಾಗ ನಡಾನ ದಪ್ಪ ಆಗಿರ್ತೈತಿ!"

ಮೌನಪ್ಪ ಊದುಗೊಳವೆ ಬಾಯಲ್ಲಿಟ್ಟುಕೊಂಡೇ ನಕ್ಕ. ವಿರೂಪಾಕ್ಷಮ್ಮನಿಗೂ ನಗು ಬಂತು. ತಲೆಯ ಮೇಲಿನ ಸೆರಗು ಜಾರಿಸಿಕೊಂಡು, ಸುಟ್ಟ ಕೈ ಮಡಿಲಲ್ಲಿಟ್ಟುಕೊಂಡು ಅವಳೂ ಆರಾಮಾಗಿ ಕೂತಳು. ಅಷ್ಟರಲ್ಲಿ ಹುಲಗಮ್ಮ ಅಂದಳು: "ಪಾರ್ವತೆಮ್ಮಗ ಮಾತ್ರ ಇವ ಎಂದೂ ನಾಳಿ ಅಂದಾಂವಲ್ಲ ನೋಡು. ಆಕಿ ಬಂದ್ಲಂದ್ರ ನಮ್ಮನ್ನೆಲ್ಲ ಸರಿಸಿ ಆಕಿ ಕೆಲಸ ಮೊದಲ."

"ಅವರ ಗತ್ತ ಬ್ಯಾರೆ ಇತ್ತವ್ವಾ" ಅಂದ ಮೌನಪ್ಪ. ಗೊಳವೆ ಕೆಳಗಿಟ್ಟೇ ಬಿಟ್ಟ. "ಅವರ ಕೈ ಅಂದ್ರ ಬಾಳಿ ಸುಳಿ. ಪಾಟ್ಲಿ ಏರಿಸೂಮುಂದ ಎಣ್ಣಿ ಬ್ಯಾಡ, ಸಾಬಾಣ ಬ್ಯಾಡ, ಸರ್ರನ ಹೋಗ್ತಿತ್ತು. ಬುಗುಡಿ ತಿರುಪು ಕಳೀತಂದ್ರ ಬೈತಿದ್ದಿಲ್ಲ, 'ಮೌನಣ್ಣಾ, ಆದಾಗ ಮಾಡಿಕೊಡಪಾ' ಅಂತಿದ್ರು. ಅಂಥ ಮಾತು ಕೇಳಿದ್ಮ್ಯಾಲೆ ನಾಳಿ ಅನ್ನಾಕ ಬಾಯಿ ಬರ್ತದೇನು?"

ಮೌನಣ್ಣಾ ಅಂತೆ! ವಿರೂಪಾಕ್ಷಮ್ಮನ ಹೊಟ್ಟೆಯಲ್ಲಿ ಅಗ್ಗಿಷ್ಟಿಕೆ ಹೊತ್ತಿತು. ಮನೆಯಲ್ಲಿ ಗಂಡ ಸಾಲದು ಅಂತ ಪೇಟೆಯ ಪತ್ತಾರನೂ ಅವಳ ಕಡೆಯವನೇ. ತನ್ನ ಪಾಟ್ಲಿ ಏರಿಸುವಾಗ ಇದೇ ಮೌನಪ್ಪ ಸಾಬೂನು ಹಚ್ಚಿ, ಬೆರಳು ಹಿಂಡಿ, "ಕೈ ಬಿರುಸು ಅದಾವ್ರಿ ಅವ್ವಾರ" ಅಂದಿದ್ದ. ಬಿರುಸಾಗದೆ ಏನು? ಎರಡು ಮಕ್ಕಳ ಬಟ್ಟೆ ಒಗೆದ ಕೈ, ಎಮ್ಮೆಯ ಸಗಣಿ ಬಳಿದ ಕೈ. ಸತ್ತು ಮಲಗಿದವಳ ಕೈ ಮೆತ್ತಗಿರುವುದು ಯಾವ ದೊಡ್ಡ ಮಾತು?

ಆ ದಿನ ಕೊಂಡಿಯೂ ಬೆಸೆಯಲಿಲ್ಲ. ಮೂಗುಬಟ್ಟು, ಡಾಬು ಮುಗಿಯುವುದರಲ್ಲಿ ಹೊತ್ತಾಗಿತ್ತು. "ನಾಳಿ ಬರ್ರಿ ಅವ್ವಾರ" ಅಂತ ಮೌನಪ್ಪ ಬಿಲ್ಲೆಯನ್ನು ಅವಳ ಕೈಗೇ ಕೊಟ್ಟು ಕಳಿಸಿದ. ಅವನ ನಾಳೆ ಬಂದದ್ದು ನಾಗರ ಪಂಚಮಿ ಮುಗಿದ ಮೇಲೆ.

ಅಂದು ಕಟ್ಟೆಯ ಮೇಲೆ ಬೇರೆ ಯಾರೂ ಇರಲಿಲ್ಲ. ಪಂಚಮಿಯ ಉಂಡಿ ತಿಂದ ಊರು ಮಧ್ಯಾಹ್ನದ ನಿದ್ದೆಯಲ್ಲಿತ್ತು. ಮೌನಪ್ಪ ಹೊಸ ಬಂಗಾರ ಸ್ವಲ್ಪ ಕೂಡಿಸಿ, ಕಾಸಿ, ಬಡಿದು ಬಿಲ್ಲೆಯನ್ನು ಹದ ಮಾಡಿದ. ಕೊಂಡಿ ಬೆಸೆದ. ಅರಗಿನ ಮೇಲೆ ಬಿಲ್ಲೆ ಮಗುಚಿ ಕೂಡಿಸಿ, ಉಳಿ ಕೈಗೆ ತಗೊಂಡು, ಹಾಗೇ ಕೂತ. ಕೆಮ್ಮಿದ. ಆಮೇಲೆ ಸಣ್ಣ ದನಿಯಲ್ಲಿ ಕೇಳಿದ.

"ಅವ್ವಾರ, ಒಂದು ಮಾತು. ಸಾವಕಾರ್ರ ಮುಂದ ಹೇಳಬ್ಯಾಡ್ರಿ ಮತ್ತ. ಪಾರ್ವತೆಮ್ಮಾರ ಮಾರಿ ಹೆಂಗಿತ್ತು?"

"ನೀ ಕಂಡೀನಿ ಅಂದಿ?"

"ಕೈ ಕಂಡೀನ್ರಿ. ಆಗಿನ ಕಾಲದಾಗ ಸಾವಕಾರ್ರ ಮನಿ ಹೆಣ್ಮಕ್ಕಳು ಸೆರಗು ಮೂಗಿನ ತನಾ ಎಳಕೊಂಡು ಕುಂದರತಿದ್ರು. ನಾಕು ಮಂದಿ ಮುಂದ ಕಂಡಿಲ್ಲ ಅಂದ್ರ ನನ್ನ ಮರ್ಯಾದಿ ಏನಾಗಬೇಕು? ನಿಮಗ ಸಾವಕಾರ್ರು ಹೇಳಿರ್ತಾರಲ್ಲ, ಹಿಂಗಿದ್ಲು ಹಂಗಿದ್ಲು ಅಂತ."

ಹೇಳಿದ್ದ, ಹನ್ನೆರಡು ವರ್ಷ ಹೇಳಿದ್ದ. ಗುಣ ಹೇಳಿದ್ದ, ನಡೆ ಹೇಳಿದ್ದ, ರೊಟ್ಟಿಯ ತೆಳುವು ಹೇಳಿದ್ದ. ಮುಖ ಹೇಗಿತ್ತು ಅಂತ ಮಾತ್ರ ಎಂದೂ ಹೇಳಿರಲಿಲ್ಲ. ಫೋಟೋ ತೆಗೆಸುವ ರೂಢಿ ಆ ಮನೆಗೆ ಇರಲಿಲ್ಲ. ವಿರೂಪಾಕ್ಷಮ್ಮ ಅರಗಿನ ಮೇಲೆ ಕೂತ ಬೋಳು ಬಿಲ್ಲೆಯನ್ನು ನೋಡಿದಳು. ಈ ಬಿಲ್ಲೆಗೆ ಇನ್ನು ಕಣ್ಣು ಬರುತ್ತದೆ, ಮೂಗು ಬರುತ್ತದೆ. ಅದನ್ನು ತಾನು ಹೊರಬೇಕು. ಗಂಡ ಅದನ್ನೇ ನೋಡುತ್ತ ಉಣ್ಣುತ್ತಾನೆ. ಅವನು ನೋಡುವುದೇ ಇಲ್ಲಿ ಅಂದ ಮೇಲೆ, ಇಲ್ಲಿ ಯಾರಿರಬೇಕು ಅನ್ನುವುದು ತನ್ನ ಕೈಯಲ್ಲಿದೆ ಅಂತ ಆ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು.

"ಹೇಳ್ಯಾರ" ಅಂದಳು. "ಹಣಿ ಸಣ್ಣದು. ಹುಬ್ಬು ಕೂಡಿದ್ವು."

ಮೌನಪ್ಪ ಉಳಿ ಇಟ್ಟ. ಟಕ್, ಟಕ್.

"ಮೂಗು ಸಣ್ಣದು, ತುದಿ ಒಂಚೂರು ಮ್ಯಾಲ ಎದ್ದಿತ್ತಂತ. ಕೆಳಗಿನ ತುಟಿ ದಪ್ಪ."

ಟಕ್, ಟಕ್.

"ಗದ್ದದ ನಡುವ ಒಂದು ಕುಳಿ. ಜ್ವಾಳದ ಕಾಳು ಕುಂದರೂವಷ್ಟು."

ತನ್ನ ಗದ್ದವನ್ನು ತಾನೇ ಮುಟ್ಟಿಕೊಳ್ಳದೆ ಇರಲು ಅವಳು ಸುಟ್ಟ ಕಲೆ ಉಳಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡಿದ್ದಳು. ಮೌನಪ್ಪ ಹಿಂದಿನಿಂದ ಉಬ್ಬಿಸಿದ ಬಿಲ್ಲೆಯನ್ನು ಬಿಡಿಸಿ, ಮಗುಚಿ, ಮುಂದಿನಿಂದ ತಿದ್ದಲು ಕೂತ. ಬಹಳ ಹೊತ್ತು ತಿದ್ದಿದ. ಅಂಟವಾಳದ ನೀರಲ್ಲಿ ತೊಳೆದು, ಒರೆಸಿ, ಬಿಲ್ಲೆಯನ್ನು ಬಿಸಿಲಿಗೆ ಹಿಡಿದ. ಬಿಲ್ಲೆ ನೋಡಿದ, ಎದುರಿಗೆ ಕೂತವಳನ್ನು ನೋಡಿದ, ಮತ್ತೆ ಬಿಲ್ಲೆ ನೋಡಿದ. ಮುಖದ ಬಣ್ಣ ಇಳಿಯಿತು.

"ಅವ್ವಾರ! ಇದು ನೀವ ಆದಿರಲ್ರಿ!"

"ಹೌದೇನು?"

"ಬ್ಯಾಡ್ರಿ. ಸತ್ತವರ ಬಿಲ್ಲಿ ಮ್ಯಾಲ ಬದುಕಿದ್ದ ಮುತ್ತೈದಿ ಮಾರಿ ಬರಬಾರದು. ಕೆಟ್ಟದ್ದು. ಒಂದು ಏಟಿನ ಕೆಲಸ, ಅಳಿಸಿಬಿಡ್ತೀನಿ."

"ಮೌನಪ್ಪಾ, ಉಳಿ ಕೆಳಗಿಡು" ಅಂದಳು ವಿರೂಪಾಕ್ಷಮ್ಮ. "ಹನ್ನೆರಡು ವರ್ಷ ಸತ್ತಾಕಿನ್ನ ಕೊರಳಾಗ ಹಾಕ್ಕೊಂಡು ಬಾಳೇವು ಮಾಡೀನಿ. ಅದಕ್ಕಿಂತ ಕೆಟ್ಟದ್ದು ಇನ್ನ ಏನೈತಿ, ಹೇಳು."

"ಸಾವಕಾರ್ರಿಗೆ ಗೊತ್ತಾದ್ರ?"

"ಗೊತ್ತಾಗ್ಲಿ ಅಂತನ ಮಾಡ್ಸೀನಿ. ಅಳಿಸಿದಿ ಅಂದ್ರ ನೀ ಆಕಿ ಮಾರಿ ಕಂಡಾಂವನ ಅಲ್ಲ ಅಂತ ಪ್ಯಾಟ್ಯಾಗ ನಿಂತು ಹೇಳ್ತೀನಿ."

ಮೌನಪ್ಪ ಕಾಳಮ್ಮನ ಪಟದ ಕಡೆ ನೋಡಿ ಕೆನ್ನೆ ಕೆನ್ನೆ ಬಡಿದುಕೊಂಡ. ಬಿಲ್ಲೆಯನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ಕೊಟ್ಟ. ಅಂದು ಅವನು ನಾಳೆ ಬಾ ಅನ್ನಲಿಲ್ಲ.

ಮನೆಗೆ ಬರುವ ದಾರಿಯುದ್ದಕ್ಕೂ ವಿರೂಪಾಕ್ಷಮ್ಮನ ಎದೆ ಡವಡವ ಅನ್ನುತ್ತಿತ್ತು. ಹೆದರಿಕೆಗಲ್ಲ, ಮದುವೆಯ ದಿನ ಅಂತರಪಟದ ಆಚೆ ನಿಂತಾಗ ಹೀಗೇ ಹೊಡೆದುಕೊಂಡಿತ್ತು. ಅವನು ಬಿಲ್ಲೆ ನೋಡುತ್ತಾನೆ. ಇದೇನು, ಇದು ನಿನ್ನ ಮಾರಿ ಅನ್ನುತ್ತಾನೆ. ಸಿಟ್ಟಾಗುತ್ತಾನೆ, ಆಗಲಿ. ಬೈಯುತ್ತಾನೆ, ಬೈಯಲಿ. ಹೊಡೆದರೂ ಹೊಡೆಯಲಿ ಬಿಡು. ಬೈಯಬೇಕಾದರೂ ಇದು ನೀನು ಅಂತ ಗುರುತಿಸಲೇಬೇಕಲ್ಲ. ಅಷ್ಟು ಸಾಕು. ಹನ್ನೆರಡು ವರ್ಷದಲ್ಲಿ ಒಂದು ಸಲ ಅವನು ತನ್ನ ಮುಖ ಕಂಡಿದ್ದಾನೆ ಅಂತ ಗೊತ್ತಾದರೆ ಆ ಪಾರ್ವತೆಮ್ಮನ ಜೊತೆಗೆ ರಾಜಿ ಮಾಡಿಕೊಂಡೇನು ಅನ್ನಿಸಿತು.

ಮನೆಗೆ ಬಂದವಳೇ ಮುಖ ತೊಳೆದುಕೊಂಡಳು. ಹಣೆಗೆ ಕುಂಕುಮ ತಿದ್ದಿದಳು. ಹೆರಳು ಹಾಕಿಕೊಂಡಳು. ಮಕ್ಕಳು ಹೊರಗೆ ಜೋಕಾಲಿಯ ಕಡೆ ಓಡಿದ್ದರು.

ಹೊತ್ತು ಇಳಿಯುವ ಮುಂಚೆಯೇ ಉಮಾಪತಿ ಬಂದ. ಕಾಲಿನ ಜೋಡು ಕಳಚುವ ಮೊದಲೇ "ಆತೇನು?" ಅಂದ. ಅವಳು ಬಾಳೆಲೆಯ ಸುತ್ತು ಕೊಟ್ಟು ಎದುರಿಗೇ ನಿಂತಳು, ಸೆರಗು ಹಿಂದಕ್ಕೆ ಸರಿಸಿ, ಬಾಗಿಲ ಬೆಳಕು ಮುಖದ ಮೇಲೆ ಬೀಳುವಂತೆ.

ಅವನು ಸುತ್ತು ಬಿಚ್ಚಿದ. ನೋಡಿದ. ಹೊಸ್ತಿಲ ಮೇಲೆ ಹಾಗೇ ಕುಸಿದು ಕೂತ. ಗುರುತು ಹಿಡಿದ, ಗುರುತು ಹಿಡಿದ ಅಂತ ಅವಳ ಜೀವ ಕುಣಿಯಿತು.

"ಪಾರೂ" ಅಂದ ಉಮಾಪತಿ.

ಅವಳು ಆ ಹೆಸರನ್ನು ಕೇಳಿರಲೇ ಇಲ್ಲ. ಅವನ ಕಣ್ಣಿಂದ ನೀರು ಇಳಿದು ಮೀಸೆ ತೋಯ್ದಿತು.

"ನೋಡಿಲ್ಲಿ. ಆಕಿನ ಬಂದು ಕುಂತಂಗೈತಿ. ಈಗ ಹೇಳ್ತೀನಿ ಕೇಳು, ಯಾರ ಮುಂದೂ ಹೇಳಿಲ್ಲ. ನನಗ ಆಕಿ ಮಾರಿ ಮರ್ತ ಹೋಗಿತ್ತು. ನೆನಸಾಕ ಕುಂತ್ರ ಬರೇ ಸೀರಿ ಕಾಣ್ತಿತ್ತು, ಸೆರಗು ಕಾಣ್ತಿತ್ತು, ಮಾರಿ ಇದ್ದಲ್ಲಿ ಏನೂ ಇಲ್ಲ. ಕಟ್ಟಿಕೊಂಡ ಹೆಂಡ್ತಿ ಮಾರಿ ಮರ್ತಾಂವ ನಾ ಎಂಥಾ ಮನಶ್ಯಾ ಅಂತ ಒಳಗ ಬೇಯ್ತಿದ್ದೆ. ಮೌನಪ್ಪ ತಿರುಗಿ ತಂದು ಕೊಟ್ಟಾನ."

ವಿರೂಪಾಕ್ಷಮ್ಮನಿಗೆ ಮೊದಲು ಬಂದದ್ದು ಸಂತೋಷ. ಸುಳ್ಳು ಯಾಕೆ ಹೇಳಬೇಕು? ಮರೆತಿದ್ದಾನೆ! ಇಷ್ಟು ವರ್ಷ ಮುಖವೇ ಇಲ್ಲದವಳಿಗೆ ತಾನು ಅಂಜಿ ಸಾಯುತ್ತಿದ್ದಳು. ಆ ಸಂತೋಷ ಎರಡು ಉಸಿರು ಇತ್ತೋ ಇಲ್ಲವೋ, ಉಮಾಪತಿ ಹೆಬ್ಬೆರಳಿನಿಂದ ಬಿಲ್ಲೆಯ ಗದ್ದ ಸವರಿದ.

"ಈ ಕುಳಿ ನೋಡು. ನಾ ಇದನ್ನ ಹಿಂಗ ಮುಟ್ಟಿ ಮುಟ್ಟಿ ಆಕಿನ್ನ ನಗಸ್ತಿದ್ದೆ. ಎಲ್ಲಾ ನೆನಪಾತು ಈಗ."

ತನ್ನ ಗದ್ದವನ್ನು ಅವನು ಒಂದು ದಿನವೂ ಮುಟ್ಟಿದವನಲ್ಲ. ವಿರೂಪಾಕ್ಷಮ್ಮ ಅವನ ಮುಂದೆ ಮೊಣಕಾಲೂರಿ ಕೂತಳು.

"ಏನ್ರಿ, ಅದು ಆಕಿ ಅಲ್ರಿ. ಅದು ನನ್ನ ಮಾರಿ. ನಾನ ಕುಂತು ಮಾಡಿಸಿಕೊಂಡು ಬಂದೀನಿ, ಬೇಕಾದ್ರ ಮೌನಪ್ಪನ್ನ ಕೇಳ್ರಿ. ಇತ್ತ ನೋಡ್ರಿ. ಮೂಗು ನೋಡ್ರಿ, ಗದ್ದ ನೋಡ್ರಿ."

ಉಮಾಪತಿ ತಲೆ ಎತ್ತಿದ. ನೋಡಿದ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳ ಹಣೆಯಿಂದ ಗದ್ದದ ತನಕ, ಅವಸರವಿಲ್ಲದೆ, ಪೂರ್ತಿ ನೋಡಿದ. ಸಿಟ್ಟಾಗಲಿಲ್ಲ. ಅವನಿಗೆ ಕನಿಕರ ಬಂದಿತ್ತು.

"ಹುಚ್ಚಿ" ಅಂದ ಮೆಲ್ಲಗೆ. "ಸತ್ತಾಕಿ ಜೋಡಿ ಎಂಥಾ ಹೊಟ್ಟಿಕಿಚ್ಚು? ದೇವ್ರು ನಿನಗ ಕೊಟ್ಟಷ್ಟು ಕೊಟ್ಟಾನ, ಕಡಿಮಿ ಏನಿಲ್ಲ. ಹಂಗಂತ ಆಕಿ ಮಾರಿ ಎಲ್ಲಾರಿಗೂ ಬರ್ತೈತೇನು?"

ಹಾಗಂದು ತಾನೇ ಎದ್ದು, ಬಿಲ್ಲೆಯನ್ನು ಅವಳ ಸರಕ್ಕೆ ಪೋಣಿಸಿ ಕೊರಳಿಗೆ ಹಾಕಿದ. ಬಿಲ್ಲೆ ಮುಟ್ಟಿದ ಬೆರಳು ಕಣ್ಣಿಗೊತ್ತಿಕೊಂಡ. ಕೈಕಾಲು ತೊಳೆಯಲು ಹಿತ್ತಲಿಗೆ ಹೋದ.

ವಿರೂಪಾಕ್ಷಮ್ಮ ಅಲ್ಲೇ ಕೂತಳು. ಬಿಲ್ಲೆಯನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಕೂಡಿದ ಹುಬ್ಬು, ಎದ್ದ ಮೂಗು, ಗದ್ದದಲ್ಲಿ ಜೋಳದ ಕಾಳಿನಷ್ಟು ಕುಳಿ. ಬಂಗಾರದ ಮುಖ ಮಿರಿಮಿರಿ ಮಿಂಚುತ್ತಿತ್ತು. ಹಾಳಾದವಳು ಎಷ್ಟು ಚೆಲುವೆ ಇದ್ದಾಳೆ ಅನ್ನಿಸಿ ಅವಳಿಗೆ ಹೊಟ್ಟೆ ಉರಿಯಿತು.